ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಕಾಣದ ತಪ್ಪು: ಕನ್ಫ್ಯೂಷಿಯಸ್, ಬುದ್ಧ ಮತ್ತು ನಮ್ಮ ಅಂಗಡಿಯ ಉದ್ರಿ ಪುಸ್ತಕ



ನಮ್ಮ ಕನ್ನಡ ಉಪನ್ಯಾಸಕರು ಈ ಸಂಚಿಕೆಗಾಗಿ ವಿಷಯಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಯಲ್ಲಿ ಹಾಕಿದ್ದರು. ನನ್ನ ಕೈಗೆ ಬಂದ ಚೀಟಿಯಲ್ಲಿ 'ಕನ್ಫ್ಯೂಷಿಯಸ್ ಮತ್ತು ಬುದ್ಧನ ನೀತಿ: ಇಂದಿನ ಬದುಕಿಗೆ' ಎಂದಿತ್ತು. ವಾಣಿಜ್ಯ ವಿಭಾಗದವರಿಗೆ ಇದೇಕೆ ಬಂತಪ್ಪಾ ಎಂದು ಮೊದಲು ಬೇಸರವಾಯಿತು. ಗೆಳೆಯರೊಡನೆ ಚೀಟಿ ಬದಲಾಯಿಸಿಕೊಳ್ಳಲು ನೋಡಿದೆ. ಯಾರೂ ಒಪ್ಪಲಿಲ್ಲ. ಓದುತ್ತಾ ಹೋದ ಮೇಲೆ ಇದು ನನಗೇ ಬರಬೇಕಾಗಿದ್ದ ಚೀಟಿ ಎನಿಸಿತು. ಅದಕ್ಕೆ ಕಾರಣವಾದ ಒಂದು ಘಟನೆಯನ್ನು ಮೊದಲು ಹೇಳಬೇಕು.

ನಾನೂರು ರೂಪಾಯಿ

ನಮ್ಮ ಅಬ್ಬು ಚಿಕ್ಕ ಕಿರಾಣಿ ಅಂಗಡಿ ನಡೆಸುತ್ತಾರೆ. ಸಂಜೆ ಕಾಲೇಜಿನಿಂದ ಬಂದ ಮೇಲೆ ಉದ್ರಿ ಪುಸ್ತಕ ಬರೆಯುವುದು ನನ್ನ ಕೆಲಸ. ಶೇಂಗಾ ಮಿಲ್ಲಿಗೆ ಕೂಲಿಗೆ ಹೋಗುವ ಒಬ್ಬ ಅಜ್ಜಿ ನಮ್ಮಲ್ಲಿ ಹಲವು ವರ್ಷಗಳಿಂದ ಉದ್ರಿ ತೆಗೆದುಕೊಳ್ಳುತ್ತಿದ್ದರು. ಒಂದು ಸಂಜೆ ಅವರು 400 ರೂಪಾಯಿ ಕೊಟ್ಟರು. ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಆಮೇಲೆ ಜಮಾ ಬರೆದರಾಯಿತೆಂದು ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ 'ಅಜ್ಜಿ 400' ಎಂದು ಗೀಚಿ, ದುಡ್ಡನ್ನು ಗಲ್ಲಾಪೆಟ್ಟಿಗೆಗೆ ಹಾಕಿದೆ. ಪುಸ್ತಕದಲ್ಲಿ ಬರೆಯುವುದು ಮರೆತೇಹೋಯಿತು. ಮುಂದಿನ ತಿಂಗಳು ಪುಸ್ತಕ ನೋಡಿ ಪೂರ್ತಿ ಬಾಕಿ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಸೆರಗಿನ ಗಂಟು ಬಿಚ್ಚಿ ಎಣಿಸಿ ಕೊಟ್ಟು ಹೋದರು.

ಕೆಲವು ದಿನಗಳ ನಂತರ ಹಳೆಯ ಕ್ಯಾಲೆಂಡರ್ ಹಾಳೆ ತಿರುವಿದಾಗ ನನ್ನದೇ ಅಕ್ಷರ ಕಣ್ಣಿಗೆ ಬಿತ್ತು. ಆಗಲೇ ಅಬ್ಬುಗೆ ಹೇಳಬೇಕಿತ್ತು, ಹೇಳಲಿಲ್ಲ. ಬೈಯುತ್ತಾರೆ, ಇನ್ನು ಪುಸ್ತಕ ಮುಟ್ಟಲು ಬಿಡುವುದಿಲ್ಲ ಎಂಬ ಹೆದರಿಕೆ. ಅಂಗಡಿಯ ಹೆಸರು ಕೆಡುತ್ತದೆ ಎಂಬ ನೆಪವನ್ನೂ ನನಗೆ ನಾನೇ ಹೇಳಿಕೊಂಡೆ.

ಅಕೌಂಟೆನ್ಸಿಯಲ್ಲಿ ನಾವೆಲ್ಲ ಓದಿದ್ದೇವೆ: ಒಂದು ವ್ಯವಹಾರವನ್ನು ಪುಸ್ತಕದಲ್ಲಿ ಪೂರ್ತಿಯಾಗಿ ಬಿಟ್ಟುಬಿಟ್ಟರೆ ಟ್ರಯಲ್ ಬ್ಯಾಲೆನ್ಸ್‌ಗೆ ಅದು ಗೊತ್ತಾಗುವುದಿಲ್ಲ. ಡೆಬಿಟ್ಟೂ ಇಲ್ಲ, ಕ್ರೆಡಿಟ್ಟೂ ಇಲ್ಲ, ಆದ್ದರಿಂದ ಎರಡೂ ಕಡೆ ತಾಳೆಯಾಗುತ್ತದೆ. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿದ್ದ ನನಗೆ ಇದರ ಅರ್ಥ ಆ ಹಾಳೆಯ ಮುಂದೆ ನಿಂತಾಗ ತಿಳಿಯಿತು. ಲೆಕ್ಕ ತಾಳೆಯಾಗಿದೆ, ಆದರೆ ಒಬ್ಬ ಮನುಷ್ಯಳಿಗೆ ಅನ್ಯಾಯವಾಗಿದೆ. ಇಂಥ ತಪ್ಪನ್ನು ಹಿಡಿಯುವುದು ಯಾವುದು? ಇದೇ ಪ್ರಶ್ನೆಯನ್ನು ಇಟ್ಟುಕೊಂಡು ನಾನು ಈ ಇಬ್ಬರು ಗುರುಗಳನ್ನು ಓದಿದೆ.

ಉಗ್ರಾಣದ ಲೆಕ್ಕ ಬರೆದ ಕನ್ಫ್ಯೂಷಿಯಸ್

ಕನ್ಫ್ಯೂಷಿಯಸ್ (ಕ್ರಿ.ಪೂ. 551–479) ಚೀನಾದ ಲೂ ಎಂಬ ಚಿಕ್ಕ ರಾಜ್ಯದವನು. ಇಂದಿನ ಚೀನಾದ ಚೂಫೂ ಪಟ್ಟಣ ಅವನ ಊರು. ಬಡತನದಲ್ಲಿ ಬೆಳೆದವನು. ಅವನ ನಂತರ ಬಂದ ಮೆನ್ಶಿಯಸ್ ಎಂಬ ಚಿಂತಕ ಒಂದು ಸಂಗತಿ ಹೇಳುತ್ತಾನೆ. ಯುವಕನಾಗಿದ್ದಾಗ ಕನ್ಫ್ಯೂಷಿಯಸ್ ಧಾನ್ಯದ ಉಗ್ರಾಣದಲ್ಲಿ ಸಣ್ಣ ನೌಕರಿಯಲ್ಲಿದ್ದ. ಆಗ ಅವನಿಗಿದ್ದ ಚಿಂತೆ ಒಂದೇ, ಲೆಕ್ಕ ಸರಿಯಾಗಿರಬೇಕು ಎಂಬುದು. ಆಮೇಲೆ ದನಕರುಗಳ ಮೇಲ್ವಿಚಾರಣೆ ಸಿಕ್ಕಾಗ ದನಗಳು ಚೆನ್ನಾಗಿ ಬೆಳೆಯಬೇಕು ಎಂಬುದಷ್ಟೇ ಅವನ ಚಿಂತೆಯಾಗಿತ್ತು. ಎರಡೂವರೆ ಸಾವಿರ ವರ್ಷಗಳಿಂದ ಜನ ಗುರು ಎಂದು ಕರೆಯುವ ವ್ಯಕ್ತಿ ಮೊದಲು ಒಬ್ಬ ಪ್ರಾಮಾಣಿಕ ಗುಮಾಸ್ತನಾಗಿದ್ದ ಎಂಬುದು ವಾಣಿಜ್ಯ ವಿದ್ಯಾರ್ಥಿಗಳಾದ ನಮಗೆ ಖುಷಿಯ ವಿಷಯವಲ್ಲವೇ?

ಅವನ ಮಾತುಕತೆಗಳನ್ನು ಶಿಷ್ಯರು ಮತ್ತು ಶಿಷ್ಯರ ಶಿಷ್ಯರು ಸಂಗ್ರಹಿಸಿದರು. ಆ ಗ್ರಂಥದ ಹೆಸರು 'ಲುನ್ ಯೂ'. ಇಂಗ್ಲಿಷಿನಲ್ಲಿ ಅದು ಅನಲೆಕ್ಟ್ಸ್. ಅದರಲ್ಲಿ ಮತ್ತೆ ಮತ್ತೆ ಬರುವ ಕೆಲವು ಪದಗಳಿವೆ. 'ರೆನ್' ಎಂದರೆ ಮನುಷ್ಯರ ಮೇಲಿನ ಕಾಳಜಿ. 'ಲಿ' ಎಂದರೆ ನಡೆನುಡಿಯ ಶಿಸ್ತು, ಮರ್ಯಾದೆ. 'ಯಿ' ಎಂದರೆ ಲಾಭಕ್ಕಿಂತ ಮೊದಲು ನ್ಯಾಯ ಯಾವುದು ಎಂದು ನೋಡುವುದು. 'ಶಿನ್' ಎಂದರೆ ನಂಬಿಕೆಗೆ ಅರ್ಹನಾಗಿರುವುದು. ಕನ್ಫ್ಯೂಷಿಯಸ್ ಹಣವನ್ನು ಕೆಟ್ಟದ್ದು ಎನ್ನಲಿಲ್ಲ. ಹಣ ಎಲ್ಲರಿಗೂ ಬೇಕು, ಆದರೆ ಸರಿಯಲ್ಲದ ದಾರಿಯಲ್ಲಿ ಬಂದರೆ ಅದನ್ನು ಇಟ್ಟುಕೊಳ್ಳಬಾರದು ಎಂಬುದು ಅವನ ನಿಲುವು.

ಅವನ ಶಿಷ್ಯರಲ್ಲಿ ಝಿಗೊಂಗ್ ಎಂಬವನು ದೊಡ್ಡ ವ್ಯಾಪಾರಿ. ಅವನು ಒಮ್ಮೆ ರಾಜ್ಯ ನಡೆಸಲು ಏನೇನು ಬೇಕೆಂದು ಕೇಳಿದ. ಸಾಕಷ್ಟು ಆಹಾರ, ಸಾಕಷ್ಟು ಸೈನ್ಯ, ಜನರ ನಂಬಿಕೆ ಎಂದು ಗುರು ಮೂರನ್ನು ಹೇಳಿದ. ಒಂದನ್ನು ಬಿಡಲೇಬೇಕಾದರೆ? ಸೈನ್ಯವನ್ನು ಬಿಡು. ಉಳಿದ ಎರಡರಲ್ಲಿ ಮತ್ತೊಂದನ್ನು ಬಿಡಬೇಕಾದರೆ? ಆಹಾರವನ್ನು ಬಿಡು, ನಂಬಿಕೆ ಹೋದರೆ ಯಾವುದೂ ನಿಲ್ಲುವುದಿಲ್ಲ ಎಂಬುದು ಉತ್ತರ. ಮೊದಲು ಓದಿದಾಗ ಇದು ಅತಿಯಾಯಿತು ಎನಿಸಿತು. ಆದರೆ ಉದ್ರಿ ಎಂದರೇನು ಎಂದು ಯೋಚಿಸಿ ನೋಡಿ. ಅಂಗಡಿಯವನು ಗಿರಾಕಿಯನ್ನು ನಂಬಿ ಸಾಮಾನು ಕೊಡುತ್ತಾನೆ. ಓದಲು ಬಾರದ ಗಿರಾಕಿ ಅಂಗಡಿಯವನ ಪುಸ್ತಕವನ್ನು ನಂಬುತ್ತಾರೆ. ಬ್ಯಾಂಕ್, ಚೆಕ್, ವಿಮೆ, ಮೊಬೈಲಿನಲ್ಲಿ ದುಡ್ಡು ಕಳಿಸುವುದು ಎಲ್ಲವೂ ಹೀಗೆಯೇ ನಂಬಿಕೆಯ ಮೇಲೆ ನಿಂತಿವೆ.

ಜಪಾನಿನ ಒಂದು ಉದಾಹರಣೆ

ಈ ಹಳೆಯ ಮಾತುಗಳು ಆಧುನಿಕ ವ್ಯಾಪಾರಕ್ಕೆ ಹೊಂದುತ್ತವೆಯೇ? ಇದಕ್ಕೆ ಜಪಾನಿನ ಶಿಬುಸಾವಾ ಐಇಚಿ (1840–1931) ಒಳ್ಳೆಯ ಉದಾಹರಣೆ. ನೀಲಿ ಬಣ್ಣ ತಯಾರಿಸಿ ಮಾರುವ ರೈತ ಕುಟುಂಬದಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ಕನ್ಫ್ಯೂಷಿಯಸ್‌ನ ಗ್ರಂಥ ಓದಿದವರು. ಆ ಕಾಲದ ಜಪಾನಿನಲ್ಲಿ ಸಮುರಾಯ್ ಯೋಧರಿಗೆ ಮೇಲಿನ ಸ್ಥಾನ, ವ್ಯಾಪಾರಿಗೆ ಕೆಳಗಿನ ಸ್ಥಾನ. ವ್ಯಾಪಾರ ಎಂದರೆ ನೀತಿಯಿಲ್ಲದವರ ಕೆಲಸ ಎಂದು ಜನ ತಿಳಿದಿದ್ದರು. 1867ರಲ್ಲಿ ಪ್ಯಾರಿಸ್‌ನ ವಸ್ತುಪ್ರದರ್ಶನಕ್ಕೆ ಹೋದಾಗ ಶಿಬುಸಾವಾ ಯುರೋಪಿನ ಬ್ಯಾಂಕು, ಷೇರು ಕಂಪನಿಗಳನ್ನು ಕಣ್ಣಾರೆ ಕಂಡರು. ಮರಳಿ ಬಂದು ಕೆಲಕಾಲ ಹಣಕಾಸು ಇಲಾಖೆಯಲ್ಲಿ ದುಡಿದರು. 1873ರಲ್ಲಿ ಸರ್ಕಾರಿ ಹುದ್ದೆ ಬಿಟ್ಟು, ಅದೇ ವರ್ಷ ಜಪಾನಿನ ಮೊದಲ ಆಧುನಿಕ ಬ್ಯಾಂಕನ್ನು ಕಟ್ಟುವಲ್ಲಿ ಮುಂದಾದರು. ಸುಮಾರು 500 ಕಂಪನಿಗಳ ಸ್ಥಾಪನೆಯಲ್ಲಿ ಅವರ ಕೈ ಇತ್ತು. ಶಾಲೆ, ಆಸ್ಪತ್ರೆ, ಅನಾಥರ ಆಶ್ರಯ ಹೀಗೆ ನೂರಾರು ಸಮಾಜ ಸೇವೆಯ ಕೆಲಸಗಳಿಗೂ ನೆರವಾದರು.

ಅವರ ಭಾಷಣಗಳ ಪುಸ್ತಕ 1916ರಲ್ಲಿ ಹೊರಬಂತು. ಅದರ ಹೆಸರನ್ನು ಕನ್ನಡದಲ್ಲಿ 'ಲುನ್ ಯೂ ಮತ್ತು ಮಣಿಚೌಕಟ್ಟು' ಎನ್ನಬಹುದು. ಒಂದು ಕೈಯಲ್ಲಿ ನೀತಿಗ್ರಂಥ, ಇನ್ನೊಂದು ಕೈಯಲ್ಲಿ ಲೆಕ್ಕದ ಮಣಿಗಳು. ನೀತಿಯಿಲ್ಲದ ಸಂಪತ್ತು ಹೆಚ್ಚು ದಿನ ಬಾಳುವುದಿಲ್ಲ, ಸಂಪತ್ತೇ ಬೇಡವೆನ್ನುವ ನೀತಿ ದೇಶ ಕಟ್ಟುವುದಿಲ್ಲ ಎಂಬುದು ಅದರ ಸಾರ. 2024ರ ಜುಲೈಯಿಂದ ಜಪಾನಿನ 10,000 ಯೆನ್ ನೋಟಿನ ಮೇಲೆ ಅವರ ಚಿತ್ರವಿದೆ. ನಮಗೂ ಅವರಿಗೂ ಒಂದು ನಂಟಿದೆ. 1893ರಲ್ಲಿ ಜಪಾನಿಗೆ ಹೋದ ಜಮ್‌ಷೆಡ್‌ಜಿ ಟಾಟಾ ಅವರನ್ನು ಭೇಟಿಯಾಗಿದ್ದರು. ಬೊಂಬಾಯಿಯ ಹತ್ತಿಯನ್ನು ಜಪಾನಿಗೆ ಸಾಗಿಸುವ ಹಡಗು ಮಾರ್ಗ ಅದೇ ವರ್ಷ ಆರಂಭವಾಯಿತು. ಬೆಂಗಳೂರಿನಲ್ಲಿ ಜನ 'ಟಾಟಾ ಇನ್‌ಸ್ಟಿಟ್ಯೂಟ್' ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಗೆ ದಾನ ಕೊಟ್ಟವರೂ ಇದೇ ಟಾಟಾ.

ಸಂಸಾರಿಗೆ ಬುದ್ಧ ಹೇಳಿದ್ದು

ಬುದ್ಧ ಎಂದರೆ ಮನೆ ಬಿಟ್ಟು ಕಾಡಿಗೆ ಹೋಗಲು ಹೇಳಿದವನು ಎಂದೇ ನಾನು ತಿಳಿದಿದ್ದೆ. ಆದರೆ ಪಾಳಿ ಗ್ರಂಥಗಳಲ್ಲಿ ಅವನು ಸಂಸಾರಸ್ಥರಿಗೆ ಕೊಟ್ಟ ಉಪದೇಶಗಳೂ ಸಾಕಷ್ಟಿವೆ. ಅವುಗಳಲ್ಲಿ ಕೆಲವು ನಮ್ಮ ಬಜೆಟ್ ಪಾಠದ ಹಾಗೇ ಇವೆ.

ದೀಘಜಾಣು ಎಂಬ ಗೃಹಸ್ಥ ಬುದ್ಧನ ಬಳಿ ಬಂದು, ನಾವು ಹೆಂಡತಿ ಮಕ್ಕಳೊಂದಿಗೆ ಇರುವವರು, ಗಂಧ ಹೂವು ಬೆಳ್ಳಿ ಬಂಗಾರ ಬಳಸುವವರು, ನಮ್ಮಂಥವರಿಗೆ ಏನು ಹೇಳುತ್ತೀರಿ ಎಂದು ಕೇಳಿದ. ಈ ಬದುಕಿನ ಸುಖಕ್ಕೆ ಬುದ್ಧ ನಾಲ್ಕು ಸಂಗತಿ ಹೇಳಿದ:

1. ತನ್ನ ಕಸುಬನ್ನು ಶ್ರಮದಿಂದ, ಜಾಣತನದಿಂದ ಮಾಡುವುದು.
2. ನ್ಯಾಯವಾಗಿ ಗಳಿಸಿದ್ದನ್ನು ಕಾಪಾಡಿಕೊಳ್ಳುವುದು.
3. ಒಳ್ಳೆಯವರ ಗೆಳೆತನ.
4. ಆದಾಯ ನೋಡಿ ಖರ್ಚು ಮಾಡುವ ಸಮತೋಲನದ ಬದುಕು. ತಕ್ಕಡಿ ಹಿಡಿದವನಿಗೆ ಯಾವ ತಟ್ಟೆ ಎಷ್ಟು ಇಳಿದಿದೆ ಎಂದು ಗೊತ್ತಿರುವಂತೆ ಗೃಹಸ್ಥನಿಗೆ ತನ್ನ ಆದಾಯ ಖರ್ಚು ಗೊತ್ತಿರಬೇಕು.

ನಾಲ್ಕು ಕಡೆಯಿಂದ ನೀರು ಬಂದು ನಾಲ್ಕು ಕಡೆ ಹರಿದುಹೋಗುವ ಕೆರೆಯ ಉದಾಹರಣೆಯನ್ನೂ ಕೊಡುತ್ತಾನೆ. ಸಂಪತ್ತು ಸೋರಿಹೋಗುವ ನಾಲ್ಕು ತೂಬುಗಳೆಂದರೆ ಪರಸ್ತ್ರೀ ಸಹವಾಸ, ಕುಡಿತ, ಜೂಜು ಮತ್ತು ಕೆಟ್ಟ ಗೆಳೆತನ. ಕೆರೆಗಳನ್ನು ನಂಬಿ ಬದುಕಿದ ನಮ್ಮ ಬಯಲುಸೀಮೆಯವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂದಿನ ಜೂಜು ಕಟ್ಟೆಯ ಮೇಲಿತ್ತು, ಇಂದು ಅದು ಮೊಬೈಲಿನೊಳಗೆ ಬಂದಿದೆ. ತೂಬು ಮಾತ್ರ ಅದೇ.

ಸಿಗಾಲ ಎಂಬ ಯುವಕನ ಕಥೆಯೂ ಸೊಗಸಾಗಿದೆ. ಅವನು ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಆರು ದಿಕ್ಕುಗಳಿಗೆ ಕೈ ಮುಗಿಯುತ್ತಿದ್ದ. ಏಕೆಂದು ಬುದ್ಧ ಕೇಳಿದರೆ, ಅಪ್ಪ ಸಾಯುವಾಗ ಹೇಳಿದ್ದರು ಎಂದ. ಆಗ ಬುದ್ಧ ದಿಕ್ಕುಗಳಿಗೆ ಹೊಸ ಅರ್ಥ ಕೊಟ್ಟ. ಪೂರ್ವವೆಂದರೆ ತಂದೆತಾಯಿ, ದಕ್ಷಿಣ ಗುರುಗಳು, ಪಶ್ಚಿಮ ಹೆಂಡತಿ ಮಕ್ಕಳು, ಉತ್ತರ ಗೆಳೆಯರು, ಕೆಳಗಿನ ದಿಕ್ಕು ಕೆಲಸಗಾರರು, ಮೇಲಿನ ದಿಕ್ಕು ಧರ್ಮ ಬೋಧಿಸುವವರು. ಪ್ರತಿ ದಿಕ್ಕಿಗೂ ಎರಡೂ ಕಡೆಯ ಕರ್ತವ್ಯಗಳಿವೆ. ಕೆಲಸಗಾರರಿಗೆ ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಕೂಲಿ, ಕಾಯಿಲೆ ಬಿದ್ದಾಗ ಆರೈಕೆ, ವಿಶೇಷ ತಿಂಡಿಯಲ್ಲಿ ಪಾಲು, ಸಕಾಲಕ್ಕೆ ರಜೆ ಕೊಡುವುದು ಯಜಮಾನನ ಕರ್ತವ್ಯ. ಕಾರ್ಮಿಕ ಕಾನೂನುಗಳು ಇಲ್ಲದ ಕಾಲದಲ್ಲಿ ಹೇಳಿದ ಮಾತು ಇದು. ಗಳಿಸಿದ್ದನ್ನು ನಾಲ್ಕು ಪಾಲು ಮಾಡಿ, ಒಂದನ್ನು ಬದುಕಿಗೆ ಬಳಸಿ, ಎರಡನ್ನು ಕಸುಬಿಗೆ ಹಾಕಿ, ನಾಲ್ಕನೆಯದನ್ನು ಕಷ್ಟಕಾಲಕ್ಕೆ ಇಡಬೇಕೆಂಬ ಸಲಹೆಯೂ ಇದೇ ಉಪದೇಶದಲ್ಲಿದೆ.

ಬುದ್ಧನ ಅಷ್ಟಾಂಗ ಮಾರ್ಗದಲ್ಲಿ ಒಂದು 'ಸಮ್ಯಕ್ ಜೀವನೋಪಾಯ', ಅಂದರೆ ಯಾರಿಗೂ ಕೇಡಾಗದ ಗಳಿಕೆ. ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ ಈ ಐದರ ವ್ಯಾಪಾರ ಬೇಡ ಎನ್ನುತ್ತಾನೆ. ಇದರಲ್ಲಿ ಮಾಂಸದ ವಿಷಯ ನಮ್ಮ ಧರ್ಮಕ್ಕೆ ಹೊಂದುವುದಿಲ್ಲ. ನಮ್ಮ ಮೊಹಲ್ಲಾದಲ್ಲಿ ಪ್ರಾಮಾಣಿಕವಾಗಿ ಮಾಂಸದ ಅಂಗಡಿ ನಡೆಸುವವರಿದ್ದಾರೆ. ಆದರೆ 'ನಾನು ಏನನ್ನು ಮಾರಿ ಬದುಕುತ್ತಿದ್ದೇನೆ' ಎಂಬ ಪ್ರಶ್ನೆ ಹಲಾಲ್ ಹರಾಮ್ ನೋಡುವ ನಮಗೂ ಹೊಸದಲ್ಲ.

ಇಬ್ಬರೂ ಸೇರುವ ಜಾಗ, ನಾನು ನಿಂತ ಜಾಗ

ಕನ್ಫ್ಯೂಷಿಯಸ್ ಸಂಬಂಧಗಳಿಂದ ಆರಂಭಿಸುತ್ತಾನೆ: ನೀನು ಮಗ, ಗೆಳೆಯ, ಅಧಿಕಾರಿ, ಆ ಹೆಸರಿಗೆ ತಕ್ಕಂತೆ ನಡೆ. ಬುದ್ಧ ಮನಸ್ಸಿನಿಂದ ಆರಂಭಿಸುತ್ತಾನೆ: ಆಸೆ, ಕೋಪ, ಮೋಹಗಳನ್ನು ಗಮನಿಸು. ಕರ್ಮ ಎಂದರೆ ಉದ್ದೇಶವೇ ಎಂದು ಅವನು ಹೇಳಿದ್ದಾನೆ. ಇದನ್ನು ಓದಿದಾಗ ಬುಖಾರಿ ಸಂಗ್ರಹದ ಮೊದಲ ಹದೀಸ್ ನೆನಪಾಯಿತು. ಕರ್ಮಗಳ ಫಲ ನೀಯತ್ತನ್ನು ಅವಲಂಬಿಸಿದೆ ಎಂಬುದು ಅದರ ತಾತ್ಪರ್ಯ. ನಮ್ಮ ಮನೆಯ ಉರ್ದುವಿನಲ್ಲಿ 'ನೀಯತ್' ಎಂದರೆ ಮನಸ್ಸಿನ ಉದ್ದೇಶ. ಅದೇ ಪದ ಕನ್ನಡಕ್ಕೆ ಬಂದು 'ನಿಯತ್ತು' ಆಗಿ ಪ್ರಾಮಾಣಿಕತೆ ಎಂಬ ಅರ್ಥ ಪಡೆದಿದೆ. ಒಳಗಿನ ಉದ್ದೇಶ ಸರಿಯಿದ್ದರೆ ಹೊರಗಿನ ನಡತೆ ಸರಿಯಿರುತ್ತದೆ ಎಂದು ಎರಡು ಭಾಷೆಗಳು ಸೇರಿ ಹೇಳಿದಂತಿದೆ.

ಕನ್ಫ್ಯೂಷಿಯಸ್‌ನ ಶಿಷ್ಯ ಝೆಂಗ್‌ಝಿ ಪ್ರತಿದಿನ ತನ್ನನ್ನು ಮೂರು ವಿಷಯ ಕೇಳಿಕೊಳ್ಳುತ್ತಿದ್ದನಂತೆ: ಇತರರ ಕೆಲಸವನ್ನು ಮನಸ್ಸಿಟ್ಟು ಮಾಡಿದೆನೇ, ಗೆಳೆಯರಿಗೆ ನಂಬಿಕಸ್ಥನಾಗಿದ್ದೆನೇ, ಕಲಿತದ್ದನ್ನು ರೂಢಿಸಿಕೊಂಡೆನೇ. ನಮ್ಮಲ್ಲಿ ಇದಕ್ಕೆ 'ಮುಹಾಸಬಾ' ಎನ್ನುತ್ತಾರೆ. 'ಹಿಸಾಬ್' ಎಂಬ ಪದದ ಮೂಲವೇ ಅದಕ್ಕೂ ಮೂಲ. ದಿನದ ಕೊನೆಗೆ ಗಲ್ಲಾ ಎಣಿಸುವಂತೆ ತನ್ನನ್ನೇ ಎಣಿಸಿಕೊಳ್ಳುವುದು. ಟ್ರಯಲ್ ಬ್ಯಾಲೆನ್ಸ್‌ಗೆ ಸಿಗದ ತಪ್ಪು ಸಿಗುವುದು ಇಲ್ಲಿ ಮಾತ್ರ.

ಆದರೆ ಎಲ್ಲವನ್ನೂ ನಾನು ಒಪ್ಪಲಾರೆ. ಲುನ್ ಯೂನಲ್ಲಿ ಒಂದು ಕಠಿಣ ಪ್ರಸಂಗವಿದೆ. ತಂದೆ ಕುರಿ ಕದ್ದಾಗ ಮಗನೇ ಸಾಕ್ಷಿ ಹೇಳಿದ, ನಮ್ಮ ನಾಡಿನಲ್ಲಿ ಅಂಥ ನೇರ ಮನುಷ್ಯರಿದ್ದಾರೆ ಎಂದು ಒಬ್ಬ ಅಧಿಕಾರಿ ಹೆಮ್ಮೆಪಟ್ಟ. ನಮ್ಮಲ್ಲಿ ತಂದೆ ಮಗನನ್ನು ಮುಚ್ಚಿಡುತ್ತಾನೆ, ಮಗ ತಂದೆಯನ್ನು ಮುಚ್ಚಿಡುತ್ತಾನೆ, ನೇರತನ ಅದರಲ್ಲೇ ಇದೆ ಎಂದು ಕನ್ಫ್ಯೂಷಿಯಸ್ ಉತ್ತರಿಸಿದ. ಮನೆಯವರ ಮೇಲಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಕುರಿ ಕಳೆದುಕೊಂಡವನ ಗತಿಯೇನು? ಸೂರಃ ಅನ್ನಿಸಾದಲ್ಲಿ, ನಿಮ್ಮ ವಿರುದ್ಧವಾದರೂ ತಂದೆತಾಯಿಯ ವಿರುದ್ಧವಾದರೂ ನ್ಯಾಯದ ಸಾಕ್ಷಿಯಾಗಿ ನಿಲ್ಲಬೇಕೆಂಬ ಆದೇಶವಿದೆ. ನಾನು ನಿಲ್ಲುವುದು ಆ ಕಡೆಗೆ. ಆದರೂ ತಂದೆತಾಯಿ ತಪ್ಪಿದಾಗ ಮೆಲ್ಲಗೆ, ಗೌರವ ಬಿಡದೆ ತಿಳಿಹೇಳಬೇಕೆಂದು ಅದೇ ಕನ್ಫ್ಯೂಷಿಯಸ್ ಬೇರೆಡೆ ಹೇಳಿರುವುದನ್ನೂ ಮರೆಯಬಾರದು.

ಮುಸ್ಲಿಮರು ಇದನ್ನೆಲ್ಲ ಏಕೆ ಓದಬೇಕು ಎಂದು ಕೆಲವರಿಗೆ ಅನಿಸಬಹುದು. ಚೀನಾದಲ್ಲೇ ನೂರಾರು ವರ್ಷಗಳಿಂದ ಮುಸ್ಲಿಮರಿದ್ದಾರೆ. 17ನೇ ಶತಮಾನದ ವಾಂಗ್ ದಾಯ್ಯೂ, ಅವರ ನಂತರ ಬಂದ ನಾನ್‌ಜಿಂಗ್ ನಗರದ ಲಿಯೂ ಝಿ ಮೊದಲಾದ ಆಲಿಮರು ಕನ್ಫ್ಯೂಷಿಯಸ್ ಪರಂಪರೆಯ ಪದಗಳನ್ನೇ ಬಳಸಿ ಚೀನೀ ಭಾಷೆಯಲ್ಲಿ ಇಸ್ಲಾಮನ್ನು ವಿವರಿಸಿದರು. ತಮ್ಮ ದೀನ್ ಬಿಡದೆ ನೆರೆಯವರ ಜ್ಞಾನವನ್ನು ಗೌರವಿಸಿದರು.

ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಬಿ. ಎಲ್. ರೈಸ್ ಅದನ್ನು ಪತ್ತೆ ಮಾಡಿದರು. ಬೌದ್ಧನಾಗಿದ್ದ ಆ ಚಕ್ರವರ್ತಿ ಅಲ್ಲಿ ಬರೆಸಿದ್ದು ದೊಡ್ಡ ತತ್ವವನ್ನಲ್ಲ. ತಂದೆತಾಯಿಯ ಮಾತು ಕೇಳಿ, ಜೀವಿಗಳಿಗೆ ದಯೆ ತೋರಿ, ಸತ್ಯ ಹೇಳಿ, ಶಿಷ್ಯರು ಗುರುವನ್ನು ಗೌರವಿಸಲಿ ಎಂಬ ಸರಳ ಮಾತುಗಳು. ಬುದ್ಧನ ದಿಕ್ಕುಗಳೂ ಕನ್ಫ್ಯೂಷಿಯಸ್‌ನ ಸಂಬಂಧಗಳೂ ಆ ಒಂದು ಬಂಡೆಯ ಮೇಲೆ ಒಟ್ಟಿಗೆ ಕಂಡಂತಾಗುತ್ತದೆ.

ನಮಗೆ ಮಾಡಲು ಆಗುವಂಥದ್ದು

ಓದಿದ್ದರಿಂದ ನಾನು ನನಗಾಗಿ ಕೆಲವು ನಿಯಮ ಮಾಡಿಕೊಂಡಿದ್ದೇನೆ. ಬೇಕೆನಿಸಿದರೆ ನೀವೂ ಪ್ರಯತ್ನಿಸಿ.

1. ದುಡ್ಡು ಕೈಗೆ ಬಂದ ಕೂಡಲೇ, ಕೊಟ್ಟವರ ಎದುರಿಗೇ ಬರೆದು, ಓದಿ ಹೇಳುವುದು.
2. ಜೇಬಿನ ಖರ್ಚನ್ನು ವಾರಕ್ಕೊಮ್ಮೆ ತಕ್ಕಡಿಯಂತೆ ತೂಗಿ ನೋಡುವುದು. ಯಾವ ತೂಬು ಸೋರುತ್ತಿದೆ ಎಂದು ಗೊತ್ತಾಗುತ್ತದೆ.
3. ತಂದೆತಾಯಿಗೆ ದುಡಿದು ಹಾಕುವುದಷ್ಟೇ ಸೇವೆಯಲ್ಲ. ಅವರು ಮಾತಾಡುವಾಗ ಮೊಬೈಲ್ ಕೆಳಗಿಡುವುದೂ ಸೇವೆ. ಗೌರವವಿಲ್ಲದೆ ಹೊಟ್ಟೆಗೆ ಹಾಕುವುದಾದರೆ ಅದನ್ನು ಸಾಕುಪ್ರಾಣಿಗಳಿಗೂ ಮಾಡುತ್ತೇವೆ ಎಂಬುದು ಕನ್ಫ್ಯೂಷಿಯಸ್‌ನ ವಿಚಾರ.
4. ಮಲಗುವ ಮುನ್ನ ಮೂರು ಪ್ರಶ್ನೆ. ಇಶಾ ನಮಾಜಿನ ನಂತರ ಎರಡು ನಿಮಿಷ ಸಾಕು.
5. ತಪ್ಪು ಗೊತ್ತಾದ ದಿನವೇ ಒಪ್ಪಿಕೊಳ್ಳುವುದು. ಇದು ಎಲ್ಲಕ್ಕಿಂತ ಕಷ್ಟ.

ಐದನೆಯದನ್ನು ನಾನು ಹನ್ನೊಂದು ದಿನ ತಡವಾಗಿ ಮಾಡಿದೆ. ಕ್ಯಾಲೆಂಡರ್ ಹಾಳೆಯನ್ನು ಅಬ್ಬು ಮುಂದಿಟ್ಟು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಗಲ್ಲಾಪೆಟ್ಟಿಗೆಯಿಂದ 400 ರೂಪಾಯಿ ತೆಗೆದು ನನ್ನ ಕೈಗಿಟ್ಟು, "ಇದು ಇಷ್ಟು ದಿನ ನಮ್ಮ ಹತ್ತಿರ ಅಮಾನತ್ ಆಗಿತ್ತು. ನೀನೇ ಹೋಗಿ ಕೊಟ್ಟು, ಮಾಫಿ ಕೇಳಿ ಬಾ" ಎಂದರು.

ಅಜ್ಜಿ ಮನೆ ಮುಂದೆ ಕೂತು ಅಕ್ಕಿ ಆರಿಸುತ್ತಿದ್ದರು. ನಾನು ತಡವರಿಸುತ್ತಾ ವಿಷಯ ಹೇಳಿದೆ. ಅವರು ದುಡ್ಡು ತೆಗೆದುಕೊಂಡು, "ನಂಗೆ ಅವತ್ತೇ ಗೊತ್ತಿತ್ತು ಮಗಾ. ಆದ್ರೆ ಪುಸ್ತಕ ನಿಮ್ದು, ಓದೋರು ನೀವು. ನಾನು ಏನಂತ ಜಗಳ ಆಡ್ಲಿ?" ಎಂದರು. ಆಗ ನನಗೆ ಇನ್ನೊಂದು ವಿಷಯ ಹೊಳೆಯಿತು. ಆ ಹನ್ನೊಂದು ದಿನ ಅಜ್ಜಿ ನಮ್ಮ ಅಂಗಡಿಗೆ ಒಮ್ಮೆಯೂ ಬಂದಿರಲಿಲ್ಲ. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಈಗ ಅವರು ಮತ್ತೆ ಬರುತ್ತಾರೆ. ಅವರು ದುಡ್ಡು ಕೊಟ್ಟಾಗ ನಾನು ಪುಸ್ತಕವನ್ನು ಅವರ ಕಡೆಗೆ ತಿರುಗಿಸಿ, ಬೆರಳಿಟ್ಟು ಓದಿ ಹೇಳುತ್ತೇನೆ. ಅಜ್ಜಿಗೆ ಅಕ್ಷರ ಬರುವುದಿಲ್ಲ, ಆದರೂ ಬಗ್ಗಿ ನೋಡುತ್ತಾರೆ.